ಹೆಬ್ಬೆರಳಿನ ಭಾರ

ಜಿಪ್ಪಿನ ಕೊಂಡಿ ಮತ್ತೆ ಜಾರಿತು, ಅಕ್ಕ ಕೈಚೀಲವನ್ನು ಎರಡು ಮಣಿಕಟ್ಟುಗಳ ನಡುವೆ ಅದುಮಿಕೊಂಡು ತೋರುಬೆರಳಿನ ಗೆಣ್ಣಿನಿಂದ ಅದನ್ನೆಳೆಯಲು ನೋಡುತ್ತಿದ್ದಾಳೆ, ಕೊಡಕ್ಕ ಇಲ್ಲಿ ಅನ್ನಬೇಕು, ಅಂದರೆ ಸಿಡುಕುತ್ತಾಳೆ, ನನ್ನ ಕೈ ಇನ್ನೂ ಸತ್ತಿಲ್ಲ ಕಣೇ ಅಂತಾಳೆ, ಆಮೇಲೆ ಅವಳೇ ನಗುತ್ತಾಳೆ, ಆ ನಗು ನೋಡುವುದಕ್ಕಿಂತ ಗೋಡೆ ನೋಡುವುದು ವಾಸಿ, ಗೋಡೆಯ ಮೇಲೆ ಕೀಲುಗಳ ಚಿತ್ರ, ಊತಕ್ಕೆ ಕೆಂಪು, ಊತದ ಕಡೆಗೆ ಬಾಣ, ಚಿತ್ರ ಬರೆದ ಪುಣ್ಯಾತ್ಮ ಒಂದು ಬೆರಳಿಗೆ ನಾಲ್ಕು ಗೆಣ್ಣು ಹಾಕಿಬಿಟ್ಟಿದ್ದಾನೆ, ಇಡೀ ಆಸ್ಪತ್ರೆಯಲ್ಲಿ ಯಾರೂ ಎಣಿಸಿಲ್ಲ, ನಾನು ಎಣಿಸಿದೆ, ಎಣಿಸುವುದು ಅಳೆಯುವುದೇ ನನ್ನ ಹೊಟ್ಟೆಪಾಡು — ನಮ್ಮ ಮುಂದೆ ಇಬ್ಬರಿದ್ದಾರೆ, ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ, ಅಂದರೆ ನಾನು ಬಾಯಿ ಬಿಡಲು ಇನ್ನು ನಲವತ್ತು ನಿಮಿಷ. ಒಳಗೆ ಹೋಗಿ ಕಡೆಯ ಕಾಗದಕ್ಕೆ ಸಹಿ ಹಾಕಿದರೆ ಅಕ್ಕ ಹೊಸ ಔಷಧದ ಪ್ರಯೋಗಕ್ಕೆ ಸೇರಿದ ಹಾಗೆ, ಇನ್ನು ಆರು ತಿಂಗಳು ಹಳೆಯ ಮಾತ್ರೆ ಮುಟ್ಟುವ ಹಾಗಿಲ್ಲ, ಹೊಸದು ಊತ ಇಳಿಸುತ್ತದೆ ಅಂತ ಲೋಕಕ್ಕೆ ಹೇಳಿದ್ದು ಇಲಿಗಳು, ಇಲಿಗಳ ಪರವಾಗಿ ಹೇಳಿದವಳು ನಾನು, ನಾನು ಹೇಳಿದ್ದು ಸುಳ್ಳು. ಪೂರ್ತಿ ಸುಳ್ಳಲ್ಲ, ಮೂರು ನಾಲ್ಕು ಕೂದಲೆಳೆ ಜೋಡಿಸಿಟ್ಟಷ್ಟು ಸುಳ್ಳು, ಮಿಲಿಮೀಟರಿನಲ್ಲಿ ಸೊನ್ನೆ ಪಾಯಿಂಟ್ ಮೂರು. ಇದು ಗೊತ್ತಿರುವುದು ನನಗೊಬ್ಬಳಿಗೇ, ಹೇಳಬೇಕಾದದ್ದು ಈ ನಲವತ್ತು ನಿಮಿಷದಲ್ಲಿ, ಮೂವತ್ತೊಂಬತ್ತು ಅನ್ನು.

ಕ್ಯಾಲಿಪರ್ ಅಂದರೆ ಮಹಾ ಯಂತ್ರವೇನಲ್ಲ, ಇಕ್ಕಳದಂಥ ಸಾಮಾನು, ಎರಡು ದವಡೆ, ನಡುವೆ ಇಲಿಯ ಹಿಂಗಾಲಿನ ಪಾದ, ಹೆಬ್ಬೆರಳಿನಿಂದ ಪುಟ್ಟ ಗಾಲಿ ತಿರುಗಿಸುತ್ತಾ ಹೋದರೆ ದವಡೆ ಮುಚ್ಚಿಕೊಳ್ಳುತ್ತಾ ಬಂದು ಚರ್ಮಕ್ಕೆ ತಾಗಿ ನಿಲ್ಲಬೇಕು, ಒತ್ತಬಾರದಮ್ಮ, ಉಸಿರು ತಾಗಿದಷ್ಟು, ಊದಿದ ಪಾದ ಮೆತ್ತಗಿರುತ್ತೆ, ಒತ್ತಿದ್ರೆ ಇಲ್ಲದ್ದನ್ನೂ ಹೇಳಿಬಿಡುತ್ತೆ, ಮೇಡಂ ಮೊದಲ ದಿನವೇ ಹೇಳಿಕೊಟ್ಟಿದ್ದು, ಲ್ಯಾಬಿನ ಮುಖ್ಯಸ್ಥೆ ಅವರು, ಸ್ವತಃ ಪಕ್ಕದಲ್ಲಿ ನಿಂತು ನನ್ನ ಹೆಬ್ಬೆರಳಿನ ಮೇಲೆ ತಮ್ಮ ಹೆಬ್ಬೆರಳಿಟ್ಟು ಒಂದು ವಾರ ತಿದ್ದಿದ್ದರು. ಪುಟ್ಟ ಕಂದು ಇಲಿಗಳು, ಬಾಲದ ಬುಡದಲ್ಲಿ ಒಂದು ಸೂಜಿ, ಮೂರು ವಾರಕ್ಕೆ ಇನ್ನೊಂದು, ತಿಂಗಳಾಗುವಷ್ಟರಲ್ಲಿ ಅವುಗಳ ರಕ್ತವೇ ಅವುಗಳ ಕೀಲಿನ ಮೇಲೆ ತಿರುಗಿಬೀಳುತ್ತದೆ, ಪಾದ ಕೆಂಪಾಗಿ ಊದಿ ನೆಲಕ್ಕಿಡಲಾಗದೆ ಮೂರು ಕಾಲಿನಲ್ಲಿ ಕುಂಟುತ್ತವೆ — ಅಕ್ಕನಿಗೆ ಯಾರೂ ಸೂಜಿ ಚುಚ್ಚಿರಲಿಲ್ಲ, ತಾನಾಗಿ ಬಂತು, ಬೇಲಿಯೇ ಎದ್ದು ಹೊಲ ಮೇಯ್ದಂಗೆ ಕಣಮ್ಮಾ ಇದು ಅಂದಿದ್ದರು ಡಾಕ್ಟರು, ಹಾಗಾದ್ರೆ ಬೇಲಿ ಕಿತ್ತಾಕಿ ಡಾಕ್ಟ್ರೇ ಅಂದಿದ್ದಳು ಅಕ್ಕ, ಆಗಿನ್ನೂ ಜಗಳ ಆಡುವಷ್ಟು ಕಸುವಿತ್ತು. ಹನ್ನೆರಡು ಪಂಜರ, ಆರಕ್ಕೆ ಔಷಧ, ಆರಕ್ಕೆ ಬರೀ ನೀರಿನಂಥ ದ್ರಾವಣ, ಯಾವುದಕ್ಕೆ ಯಾವುದು ಅನ್ನುವುದು ಅಳೆಯುವವಳಿಗೆ ಗೊತ್ತಿರಬಾರದು, ಗೊತ್ತಿದ್ದರೆ ಕೈ ಪಕ್ಷಪಾತ ಮಾಡುತ್ತದೆ, ಅದಕ್ಕೇ ಪಂಜರದ ಮೇಲೆ ಬರೀ ನಂಬರು, ಔಷಧ ಕುಡಿಸುವವರು ಬೇರೆ, ಅಳೆಯುವ ನಾನು ಬೇರೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಹಾಗೆ ನನ್ನ ಕೆಲಸ, ಆ ಬಟ್ಟೆಯ ಮೇಲೆಯೇ ಎಲ್ಲರ ನಂಬಿಕೆ ನಿಂತಿರುವುದು.

ಬಟ್ಟೆ ಜಾರಿದ್ದು ಒಂದು ಸೋಮವಾರ ಬೆಳಿಗ್ಗೆ. ಪಂಜರ ತೊಳೆಯುವ ಮುದುಕನನ್ನು ನಾವೆಲ್ಲ ಇಲಿಯಪ್ಪ ಅಂತಲೇ ಕರೆಯುವುದು, ಇಲಿಗಳನ್ನು ಮಕ್ಕಳ ಹಾಗೆ ಬೈಯುತ್ತಾನೆ, ಪ್ರತಿ ಅಳತೆಗೆ ಮೊದಲು ಅವನು ಹಳೆಯ ಹೊಟ್ಟು ತೆಗೆದು ಹೊಸ ಮರದ ಹೊಟ್ಟು ಹಾಸಿರುತ್ತಿದ್ದ, ಅವತ್ತು ಲಿಫ್ಟು ಕೆಟ್ಟು ಮೂಟೆ ಹೊತ್ತು ಮೆಟ್ಟಿಲು ಹತ್ತಿ ಬರುವುದು ತಡವಾಯಿತು, ನಾನು ಬೇಗ ಬಂದಿದ್ದೆ, ದೀಪ ಹಾಕಿದೆ, ಹನ್ನೆರಡು ಪಂಜರದಲ್ಲಿ ಆರರ ಹೊಟ್ಟು ಕಿತ್ತಳೆ ಹಳದಿ, ಔಷಧದ ಬಣ್ಣ ಇಲಿಗಳ ಉಚ್ಚೆಯಲ್ಲಿ ಇಳಿದುಬಂದಿದೆ, ಮೂರು ನಾಲ್ಕು ಏಳು ಎಂಟು ಹತ್ತು ಹನ್ನೆರಡು, ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅಂತಾರೆ, ನನಗೆ ಆರೇ ಪಂಜರ, ನಾಲ್ಕು ವರ್ಷವಾದರೂ ನಂಬರುಗಳು ಬಾಯಲ್ಲೇ ಇವೆ. ಗುಟ್ಟು ಗೊತ್ತಾದರೆ ಬರೆಯಬೇಕು ಅಂತ ರಿಜಿಸ್ಟರಿನಲ್ಲಿ ಒಂದು ಸಾಲೇ ಇದೆ, ಬರೆದರೆ ನನ್ನನ್ನು ಆ ಕೆಲಸದಿಂದ ತೆಗೆದು ಬೇರೆಯವರನ್ನು ಹಾಕುತ್ತಾರೆ, ಅಷ್ಟೇ, ತಲೆ ಹೋಗುವುದಿಲ್ಲ, ಬರೆಯುವುದಕ್ಕೆ ಅರ್ಧ ನಿಮಿಷ ಸಾಕು, ಪೆನ್ನು ಜೇಬಿನಲ್ಲೇ ಇತ್ತು. ಬರೆಯಲಿಲ್ಲ. ಇಲಿಯಪ್ಪ ಏದುಸಿರು ಬಿಡುತ್ತಾ ಬಂದವನು ಪಂಜರ ನೋಡಿದ, ನನ್ನ ಮುಖ ನೋಡಿದ, ನಾನೂ ಕಂಡಿಲ್ಲ ನೀನೂ ಕಂಡಿಲ್ಲ ಬಿಡು ತಾಯಿ, ಕಂಡಿದೀವಿ ಅಂದ್ರೆ ಪುನಃ ಮೊದಲಿಂದ ಅಳೀಬೇಕು, ಪಾಪ ಇವುಗಳಿಗೆ ಇನ್ನೊಂದು ಸುತ್ತು ನೋವು ಯಾಕೆ ಅಂದ, ಅವನಿಗೆ ಇಲಿಗಳ ಚಿಂತೆ, ನನಗೆ? ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ನಾನು ಗ್ಲೌಸು ಹಾಕಿಕೊಂಡೆ. ಬೇಕೂಂತ ಒತ್ತಲಿಲ್ಲ — ಇದನ್ನು ಎಷ್ಟು ಸಲ ಹೇಳಿಕೊಂಡಿದ್ದೇನೆ — ಬೇಕೂಂತ ಒತ್ತಲಿಲ್ಲ, ಏಳನೇ ಪಂಜರದ ಮೊದಲ ಇಲಿ, ಮುಳ್ಳು ಮೂರು ಪಾಯಿಂಟ್ ಒಂದರ ಮೇಲೆ ನಿಂತಿತ್ತು, ಇದಕ್ಕೆ ಔಷಧ ಹೋಗಿದೆಯಲ್ಲ, ಇನ್ನೊಂಚೂರು ಇಳಿದಿರಬೇಕಲ್ಲ ಅನ್ನಿಸಿತು, ದವಡೆ ಸರಿಯಾಗಿ ತಾಗಿಲ್ಲವೇನೋ, ಹೆಬ್ಬೆರಳು ತಾನಾಗಿ ಒಂದು ಎಳೆ ಮುಂದೆ ಹೋಯಿತು, ಎರಡು ಪಾಯಿಂಟ್ ಎಂಟು, ಬರೆದುಕೊಂಡೆ. ಬರೀ ದ್ರಾವಣ ಕುಡಿದ ಒಂದನೇ ಪಂಜರಕ್ಕೆ ಬಂದಾಗ ಅದೇ ಹೆಬ್ಬೆರಳು ಉಸಿರು ತಾಗಿದಷ್ಟಕ್ಕೇ ನಿಂತುಬಿಟ್ಟಿತು. ಐದು ವಾರ, ವಾರಕ್ಕೆ ಮೂರು ಸಲ, ಹಾಗೆಯೇ ಅಳೆದೆ.

ಮನೆಯಲ್ಲಿ ಅಕ್ಕ ಇದ್ದಳಲ್ಲ, ಅದೇ ಕಾರಣ, ಬೇರೆ ಏನಿಲ್ಲ. ಅಮ್ಮ ಹೋದಾಗ ನನಗೆ ಒಂಬತ್ತು, ಅವಳಿಗೆ ಹತ್ತೊಂಬತ್ತು, ಅಂಗಡಿಯವರು ತಂದುಹಾಕುತ್ತಿದ್ದ ಅಂಗಿಗಳಿಗೆ ಕಾಜಾ ಹಾಕುತ್ತಾ ಹಾಕುತ್ತಾ ನನ್ನನ್ನು ಬಿ.ಎಸ್ಸಿ. ಮಾಡಿಸಿದಳು, ದಿನಕ್ಕೆ ನೂರು ಗುಂಡಿಗೆ ನೂರು ಕಾಜಾ, ಕೈಹೊಲಿಗೆ, ಎಳೆ ಎಳೆ ಪಕ್ಕಪಕ್ಕ ಕೂರಬೇಕು, ನೀನು ಓದೇ, ದಾರ ಪೋಣಿಸಿಕೊಡು ಸಾಕು, ಆಮೇಲೆ ಭಾವ ಬಂದರು, ಬಸ್ ಓಡಿಸುವ ಭಾವ, ಮದುವೆಯಾಗಿ ಹದಿಮೂರು ವರ್ಷಕ್ಕೆ ಅಕ್ಕನ ಬೆರಳು ಬೆಳಿಗ್ಗೆ ಎದ್ದರೆ ಮಡಚಲಾಗದೆ ನಿಂತವು, ಸೂಜಿ ಬೀಳತೊಡಗಿತು, ಬಿದ್ದ ಸೂಜಿಯನ್ನು ಹೆಕ್ಕಲೂ ಆಗುತ್ತಿರಲಿಲ್ಲ, ಕಾಜಾ ಬಿಟ್ಟಳು, ಮಾತ್ರೆ ಹಿಡಿದಳು, ಮಾತ್ರೆ ಪೂರ್ತಿ ಗುಣ ಮಾಡಲಿಲ್ಲ, ಹೊಟ್ಟೆ ಉರಿಯುತ್ತಿತ್ತು, ಕೂದಲು ಉದುರಿತು, ಆದರೆ ಲೋಟ ಎತ್ತುತ್ತಿದ್ದಳು, ತಲೆ ಬಾಚುತ್ತಿದ್ದಳು, ಚಿಲಕ ತೆಗೆಯುತ್ತಿದ್ದಳು. ಅಂಥ ಮನೆಯಿಂದ ಹೋಗಿ ಏಳನೇ ಪಂಜರದ ಮುಂದೆ ಕೂತ ಹೆಬ್ಬೆರಳು ಅದು. ಐದನೇ ವಾರಕ್ಕೆ ಓಡಿಬಂದು ಹೇಳಿದ್ದೆ, ಅಕ್ಕಾ, ಊತ ಇಳೀತಿದೆ, ನಮ್ಮ ಇಲಿಗಳು ಓಡಾಡ್ತಿವೆ, ಓಡಾಡುತ್ತಿರಲಿಲ್ಲ, ಒಂದೆರಡು ಓಡಾಡುತ್ತಿದ್ದವು, ಅಕ್ಕ ಒಲೆ ಆರಿಸಿ ಬಂದು ಕೂತು ನನ್ನ ಗದ್ದ ಹಿಡಿದುಕೊಂಡು ನಿನ್ನ ಕೈಗುಣ ಕಣೇ ಅಂದಳು. ಕೈಗುಣವಂತೆ. ನನ್ನ ಕೈಗೆ ಬೆಂಕಿ ಹಾಕ!

ಹಾಗಂತ ಕಡೆಗೊಂದು ಸಲ ಸಿಕ್ಕಿಬೀಳಬೇಕಿತ್ತು, ಪ್ರಯೋಗ ಮುಗಿದ ಇಲಿಗಳ ಪಾದದ ಮೂಳೆಗಳನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೀಲು ಸವೆದಿದೆಯೋ ಉಳಿದಿದೆಯೋ ಗೊತ್ತಾಗುತ್ತದೆ, ಅದಕ್ಕೆ ಹೆಬ್ಬೆರಳಿನ ಹಂಗಿಲ್ಲ, ಆದರೆ ಮೂಳೆ ಮೆದುವಾಗಲು ಹಾಕಿದ ಆಮ್ಲದಲ್ಲಿ ಅವನ್ನು ಯಾರೋ ಎರಡು ದಿನ ಬಿಡುವ ಬದಲು ರಜೆ ಸೇರಿಸಿ ಆರು ದಿನ ಮರೆತರು, ಮುಕ್ಕಾಲುಪಾಲು ಗಂಜಿಯಾಗಿಹೋಯಿತು, ಅಯ್ಯೋ ಹೋಗ್ಲಿ ಬಿಡಿ, ಅಳತೆ ಇದೆಯಲ್ಲ, ಅಷ್ಟು ನೀಟಾದ ಅಳತೆ ನಾನು ಕಂಡಿಲ್ಲ ಅಂದರು ಮೇಡಂ, ನೀಟಾಗಿಯೇ ಇತ್ತು, ಗ್ರಾಫಿನಲ್ಲಿ ಎರಡು ಗೆರೆ ಜಗಳವಾಡಿದ ಅಣ್ಣತಮ್ಮಂದಿರಂತೆ ಬೇರೆ ಬೇರೆ ದಾರಿ ಹಿಡಿದಿದ್ದವು. ನಮ್ಮದು ಗುತ್ತಿಗೆಗೆ ಅಳೆದುಕೊಡುವ ಲ್ಯಾಬು, ಔಷಧ ಬೇರೆ ಕಂಪನಿಯದು, ಗ್ರಾಫು ಅವರಿಗೆ ಹೋಯಿತು, ಅವರು ಗಟ್ಟಿಮುಟ್ಟಾದ ಮನುಷ್ಯರ ಮೇಲೆ ನೋಡಿದರು, ಯಾರಿಗೂ ಏನೂ ಆಗಲಿಲ್ಲ, ಏನೂ ಆಗದೆ ಇರುವುದೇ ಅಲ್ಲಿ ಪಾಸಾಗುವುದು. ನಾಲ್ಕು ವರ್ಷ ನಾನೂ ಮರೆತೆ, ಮರೆತೆ ಅಂದರೆ ಮರೆತವಳ ಹಾಗೆ ನಿದ್ದೆ ಮಾಡಿದೆ. ಆರು ವಾರದ ಹಿಂದೆ ಅಕ್ಕ ಆಸ್ಪತ್ರೆಯಿಂದ ಬಂದವಳು ಸೆರಗಿನಲ್ಲಿ ಏನೋ ಬಚ್ಚಿಟ್ಟುಕೊಂಡು ಬಂದ ಮಗುವಿನಂತೆ ಬಾಗಿಲಲ್ಲಿ ನಿಂತು, ಗೊತ್ತೇನೇ, ನಿನ್ನ ಔಷಧ ಬಂದಿದೆ, ರೋಗಿಗಳ ಮೇಲೆ ಇದೇ ಮೊದಲು ನೋಡ್ತಾರಂತೆ, ನಾನು ಹೆಸರು ಕೊಟ್ಟು ಸಹಿ ಹಾಕಿ ಬಂದೆ, ಹೊಸದು ಕೊಡೋ ಮೊದಲು ಹಳೇದು ಮೈಯಿಂದ ಪೂರ್ತಿ ಇಳಿಯೋಕೆ ಆರು ವಾರ ಬೇಕಂತೆ, ಇವತ್ತಿಂದ ಹಳೇ ಮಾತ್ರೆ ಬಂದ್. ಬೇಡಕ್ಕ, ಪ್ರಯೋಗ ಅಂದ್ರೆ ಏನಾಗುತ್ತೋ ಏನೋ. ಏನಾಗುತ್ತೆ, ನೀನೇ ಅಳೆದದ್ದಲ್ವಾ? ಭಾವ ಮಾತ್ರ, ಇರೋ ಮಾತ್ರೆನೇ ಇರ್ಲಿ ಬಿಡ್ರೇ, ಕೈಯಲ್ಲಿರೋದು ಬಿಟ್ಟು ಹಾರೋದಕ್ಕೆ ಆಸೆ ಯಾಕೆ ಅಂದರು, ಸುಮ್ನಿರಿ ನಿಮಗೇನು ಗೊತ್ತು, ಓದಿದವಳು ಅವಳು ಅಂದಳು ಅಕ್ಕ, ಓದಿದವಳು ತಟ್ಟೆ ನೋಡಿಕೊಂಡು ಊಟ ಮಾಡುತ್ತಿದ್ದೆ.

ಮಾರನೆಯ ದಿನ ಲ್ಯಾಬಿನಲ್ಲಿ ಎಲ್ಲರೂ ಊಟಕ್ಕೆ ಹೋದಾಗ ಕ್ಯಾಲಿಪರ್ ತೆಗೆದು ನನ್ನ ಕಿವಿಯ ಹಾಲೆಯನ್ನೇ ಅಳೆದೆ, ಕನ್ನಡಿಯಿಲ್ಲ, ಕಿಟಕಿಯ ಗಾಜಿನಲ್ಲಿ ನೋಡಿಕೊಂಡು, ಉಸಿರು ತಾಗಿದಷ್ಟು, ನಾಲ್ಕು ಪಾಯಿಂಟ್ ಒಂದು, ಆಮೇಲೆ ಏಳನೇ ಪಂಜರವನ್ನು ನೆನೆಸಿಕೊಂಡು ಅವತ್ತಿನ ಹಾಗೆ, ಮೂರು ಪಾಯಿಂಟ್ ಎಂಟು, ಇಪ್ಪತ್ತು ಸಲ ಅಳೆದೆ, ಕಿವಿ ಕೆಂಪಾಯಿತು, ವ್ಯತ್ಯಾಸ ಪಾಯಿಂಟ್ ಮೂರು, ನಮ್ಮ ಔಷಧ ಇಳಿಸಿದ ಊತವೂ ಪಾಯಿಂಟ್ ಮೂರು, ಔಷಧಕ್ಕೆ ಅಂತ ಏನೂ ಉಳಿಯಲಿಲ್ಲ. ಆ ಗಾಜಿನಲ್ಲಿ ನನ್ನ ಮುಖ ನೋಡಿ ನಾಚಿಕೆಯಾಗಬೇಕಿತ್ತು, ಆದದ್ದು ಭಯ, ನಾಚಿಕೆ ಆಮೇಲೆ ಬಂತು, ಯಾಕೆಂದರೆ ಒಂದು ಮಾತು ಹೊಳೆಯಿತು, ಅಕ್ಕನ ಹೆಸರು ಆ ಪಟ್ಟಿಯಲ್ಲಿ ಇಲ್ಲದಿದ್ದರೆ ನಾನು ಕ್ಯಾಲಿಪರ್ ಮುಟ್ಟುತ್ತಲೇ ಇರಲಿಲ್ಲ, ಯಾರದೋ ಅಕ್ಕಂದಿರು ಆಗಿದ್ದರೆ ಊಟಕ್ಕೆ ಹೋಗುತ್ತಿದ್ದೆ. ಮೇಡಂ ಕೋಣೆಗೆ ಹೋಗಲಿಲ್ಲ ಅಂತಲ್ಲ, ಹೋದೆ, ಎರಡು ವಾರ ಬಾಗಿಲ ತನಕ, ಮೂರನೇ ವಾರ ಒಳಗೆ, ಮೇಡಂ, ಆ ಹಳೇ ಅಳತೆಗಳಲ್ಲಿ ನನ್ನ ಕೈ, ಅಂದೆ, ಅಷ್ಟಕ್ಕೇ ಅವರು ಎದ್ದು ಬಂದು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನಿನ್ನ ಕೈ ವಿಷಯ ನನಗೆ ಹೇಳ್ತೀಯಾ, ಹೊಸದಾಗಿ ಬಂದೋರಿಗೆಲ್ಲ ನಿನ್ನ ಕೈ ನೋಡಿ ಕಲೀರಿ ಅಂತೀನಿ ನಾನು, ಕಂಪನಿಯವರಿಗೂ ಹೇಳಿದೀನಿ — ಫೋನು ಬಂತು, ಕೂತ್ಕೋ ಅಂತ ಸನ್ನೆ ಮಾಡಿದರು, ನಾನು ಕೂತುಕೊಂಡೆ, ಹತ್ತು ನಿಮಿಷ ಕೂತಿದ್ದು ಎದ್ದುಬಂದೆ, ಹೊಗಳಿಸಿಕೊಂಡು ಬಂದೆ. ಬಾಯಲ್ಲಿ ಬಿಸಿತುಪ್ಪ, ನುಂಗುವ ಹಾಗಿಲ್ಲ ಉಗುಳುವ ಹಾಗಿಲ್ಲ, ಇಲ್ಲ, ತುಪ್ಪವೂ ಅಲ್ಲ, ನಾನು ನುಂಗಿದ್ದೆ.

ಒಬ್ಬರು ಒಳಗಿಂದ ಬಂದರು, ಇನ್ನೊಬ್ಬರು ಹೋದರು, ಇಪ್ಪತ್ತು ನಿಮಿಷ ಉಳಿಯಿತು. ಅಕ್ಕ ಜಿಪ್ಪಿನ ಆಸೆ ಬಿಟ್ಟು ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡಿದ್ದಾಳೆ, ಅವು ಅವಳವಲ್ಲ ಅನ್ನುವ ಹಾಗೆ, ಮಾತ್ರೆ ಬಿಟ್ಟ ಎರಡನೇ ವಾರಕ್ಕೆ ಬಾಚಣಿಗೆ ಹೋಯಿತು, ಮೂರಕ್ಕೆ ಲೋಟ, ನಾಲ್ಕಕ್ಕೆ ಚಿಲಕ, ನಿನ್ನೆ ಭಾವ ಅವಳ ಬಾಯಿಗೆ ಅನ್ನ ಇಡುತ್ತಿದ್ದರು, ಡ್ರೈವರ್ ಸಾಹೇಬ್ರೇ ನಿಧಾನ, ತಿರುವಿದೆ ಅಂತ ಅವಳು ನಗಿಸಿದಳು, ಭಾವ ನಗಲಿಲ್ಲ, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತರು, ನನಗೆ ಕೇಳಿಸಿತು. ಒಂದೊಂದು ವಾರವೂ ಹೇಳಬಹುದಿತ್ತು, ಮೊದಲ ವಾರ ಹೇಳಿದ್ದರೆ ಒಂದು ವಾರದ ನೋವಿಗೆ ಮುಗಿಯುತ್ತಿತ್ತು, ಎರಡನೇ ವಾರ, ಒಂದು ವಾರ ಯಾಕೆ ಹೇಳಲಿಲ್ಲ ಅನ್ನುತ್ತಾಳೆ ಅಂತ ಹೇಳಲಿಲ್ಲ, ಮೂರನೇ ವಾರ ಎರಡು ವಾರ ಯಾಕೆ ಅನ್ನುತ್ತಾಳೆ, ಹೀಗೆ ಆರು. ಅವಳ ಕಾಲ ಬಳಿ ಬಿದ್ದ ಮಾಹಿತಿ ಪತ್ರ ಎತ್ತಿಕೊಂಡೆ, ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕೀಲುಗಳ ಊತವು ಗಣನೀಯವಾಗಿ ಇಳಿದಿರುವುದು ಕಂಡುಬಂದಿದೆ, ಕಂಡುಬಂದಿದೆಯಂತೆ, ತಾನಾಗಿ ನಡೆದುಕೊಂಡು ಬಂತೇನೋ, ಯಾರಿಗೆ ಕಂಡಿತು ಅಂತ ಯಾರೂ ಬರೆದಿಲ್ಲ. ಎದುರು ಕುರ್ಚಿಯ ಹೆಂಗಸು ಅದೇ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದುಕೊಂಡಿದ್ದಾಳೆ, ಅವಳ ಮಣಿಕಟ್ಟೂ ಊದಿದೆ, ಅವಳನ್ನು ನೋಡಬಾರದು. ಏನೇ, ಮುಖ ಯಾಕೆ ಹೀಗಿದೆ, ಕಾಯಿಲೆ ನನಗೋ ನಿನಗೋ? ಏನಿಲ್ಲಕ್ಕ. ಹೊಸದು ಹಿಡಿದ್ರೆ ಮೊದಲು ನಿನಗೊಂದು ರವಿಕೆಗೆ ಕಾಜಾ ಹಾಕ್ತೀನಿ ನೋಡು, ಕೈಯಲ್ಲೇ. ಈಗ ಹೇಳು. ಈಗ. ಅಕ್ಕಾ ನಾನೊಂದು ತಪ್ಪು ಮಾಡಿದೀನಿ, ಇಷ್ಟೇ ಮಾತು, ಆರು ವಾರದಿಂದ ಬಾಯಿಪಾಠ ಮಾಡಿದ್ದೇನೆ, ಅವಳ ಕಡೆ ತಿರುಗಿ ಕೂತೆ, ಬಾಗಿಲು ತೆರೆಯಿತು, ಬನ್ನಿಮ್ಮಾ ಅಂದಳು ನರ್ಸು, ಇನ್ನೊಬ್ಬರದು ಐದೇ ನಿಮಿಷಕ್ಕೆ ಮುಗಿದಿತ್ತು.

ಸಣ್ಣ ಕೋಣೆ, ಮೇಜು, ಮೂರು ಕುರ್ಚಿ, ತೂಕದ ಯಂತ್ರ, ನರ್ಸು ಓದುತ್ತಾಳೆ, ಬೇಸರವಿಲ್ಲದೆ ನಿಧಾನವಾಗಿ ಓದುತ್ತಾಳೆ, ಒಳ್ಳೆಯವಳು, ಏನಾದ್ರೂ ಕೇಳೋದಿದೆಯಾಮ್ಮಾ? ನಂಗೇನಿದೆ ಕೇಳೋಕೆ, ತಿಳಿದವಳು ಮನೇಲೇ ಇದಾಳೆ, ಅಕ್ಕ ಮೊಣಕೈಯಿಂದ ನನ್ನನ್ನು ತಿವಿದಳು, ನರ್ಸು ನನ್ನ ಕಡೆ ತಿರುಗಿ, ನೀವು ಕೇಳ್ತೀರಾ? ನಾನು ಬಾಯಿ ತೆರೆದೆ, ಹಳೇ ಮಾತ್ರೆ ಈಗಲೇ ಮತ್ತೆ ಶುರು ಮಾಡಿದ್ರೆ ಮೊದಲಿನ ಹಾಗೆ ಆಗ್ತಾರಾ, ಅದೊಂದು ಕೇಳಿದೆ, ಆಗಬಹುದು, ಈಗಾದ್ರೆ ಆಗಬಹುದು, ಇನ್ನಾರು ತಿಂಗಳು ಕೀಲು ಸವೆದ್ರೆ ಆಮೇಲೆ ಯಾವುದೂ ವಾಪಸ್ ತರಲ್ಲ, ಅದಕ್ಕೇ ಚೆನ್ನಾಗಿ ಯೋಚನೆ ಮಾಡಿ ಅನ್ನೋದು. ಯೋಚನೆ ಎಲ್ಲಾ ಆಗಿದೆ ಅಂದಳು ಅಕ್ಕ. ಪೆನ್ನು ಕೊಟ್ಟರು, ಬಿತ್ತು, ಎತ್ತಿಕೊಟ್ಟೆ, ಬಿತ್ತು, ಆರು ವಾರದ ಹಿಂದೆ ಇದೇ ಕೈ ಮೊದಲ ಕಾಗದಕ್ಕೆ ಸಹಿ ಹಾಕಿತ್ತು, ಪರವಾಗಿಲ್ಲ ಅಂದಳು ನರ್ಸು, ಹೆಬ್ಬೆಟ್ಟು ಒತ್ತಬಹುದು, ಸಾಕ್ಷಿಗೆ ಹೊರಗಿನವರನ್ನ ಕರೀತೀನಿ, ನೀವು ಕೈ ಹಿಡ್ಕೊಳ್ಳಿ. ನೋಡೇ, ನಾಲ್ಕಕ್ಷರ ಕಲಿತವಳನ್ನ ಹೆಬ್ಬೆಟ್ಟು ಮಾಡಿಬಿಟ್ರು ಅಂತ ಅಕ್ಕ ನಗುತ್ತಾ ಹೇಳಿದಳು, ಕಣ್ಣು ನಗಲಿಲ್ಲ, ಕಾಜಾ ಹಾಕಿ ನನ್ನನ್ನು ಓದಿಸಿದ ಕೈ ನನ್ನ ಕೈಯೊಳಗೆ ಬಿಸಿಯಾಗಿತ್ತು, ಜ್ವರ ಬಂದ ಮಗುವಿನ ಕೈಯಷ್ಟು ಬಿಸಿ, ಶಾಯಿಯ ಮೆತ್ತೆಗೆ ತಾಗಿಸಿದೆ, ಕಾಗದದ ಚೌಕಕ್ಕೆ ತಾಗಿಸಿದೆ, ಎತ್ತಿದೆ. ನರ್ಸು ಬಗ್ಗಿ ನೋಡಿದಳು, ಗೆರೆ ಬಂದಿಲ್ಲ, ಬರೀ ಮಸಿ, ಇನ್ನೊಂದ್ಸಲ, ಊತ ಇದೆಯಲ್ಲ, ಸ್ವಲ್ಪ ಒತ್ತಬೇಕು. ಮತ್ತೆ ನೀಲಿ, ಮತ್ತೆ ಚೌಕದ ಮೇಲೆ, ಅಕ್ಕಾ, ಅಂದೆ, ಏನೇ, ಅಂದಳು, ನರ್ಸೂ ನೋಡಿದಳು, ಸಾಕ್ಷಿಗೆ ಬಂದವನೂ ನೋಡಿದ, ಎಲ್ಲರೂ ಕಾಯುತ್ತಿದ್ದರು, ಈಗ, ಈಗ — ನೋವಾಗುತ್ತೆ ಅಕ್ಕ, ಅಂದೆ. ಆಗ್ಲಿ ಬಿಡೇ, ನೀನು ಒತ್ತು.

ಒತ್ತಿದೆ. ಹಾಂ, ಈಗ ಸರಿಯಾಗಿ ಬಂತು ಅಂದಳು ನರ್ಸು, ಒಂದೊಂದು ಗೆರೆಯೂ ಕಾಣುತ್ತಿದೆ, ಅಕ್ಕ ಹಲ್ಲು ಕಚ್ಚಿಕೊಂಡಿದ್ದವಳು ಉಸಿರು ಬಿಟ್ಟಳು, ಕಾಗದ ಎಳೆದುಕೊಂಡರು, ಸಾಕ್ಷಿಯವನು ಸಹಿ ಹಾಕಿದ, ಹತ್ತಿ ಕೊಟ್ಟರು, ಒರೆಸ್ರಿ ಅಂದರು, ಏನೋ ಇನ್ನೂ ಹೇಳುತ್ತಿದ್ದಾರೆ, ಸೋಮವಾರ ಬನ್ನಿ ಅಂತಲೋ ಏನೋ, ಬಿಡೇ ಸಾಕು ಅನ್ನುತ್ತಿದ್ದಾಳೆ ಅಕ್ಕ, ಬಿಡೇ, ನಾನು ಬಿಟ್ಟಿಲ್ಲ, ನನ್ನ ಹೆಬ್ಬೆರಳ ಕೆಳಗೆ ಅಕ್ಕನ ಹೆಬ್ಬೆರಳು, ನೀಲಿ, ನನ್ನ ಹೆಬ್ಬೆರಳ ಕೆಳಗೆ ಅಕ್ಕನ ಹೆಬ್ಬೆರಳು —